ನಾಣ್ಯ ಚಿಮ್ಮಿ ನಿಶ್ಚಯವನ್ನು ಕಂಡವರು: ಬೇಲಾ ಬೊಲ್ಲೊಬಾಶ್ ಮತ್ತು ಯಾದೃಚ್ಛಿಕ ಗ್ರಾಫ್‌ಗಳು



ಸಂಭವನೀಯತೆಯ ಪಾಠದಲ್ಲಿ ನಿಮಗೆ ಸಿಗುವ ಉತ್ತರಗಳೆಲ್ಲ ‘ಆಗಬಹುದು’ ಎಂಬ ಜಾತಿಯವು. ನಾಣ್ಯ ಚಿಮ್ಮಿದರೆ ಹೆಡ್ ಬೀಳಬಹುದು, ಟೇಲ್ ಬೀಳಬಹುದು. ದಾಳ ಉರುಳಿಸಿದರೆ ಆರು ಬೀಳುವ ಸಂಭವ ಆರರಲ್ಲಿ ಒಂದು. ರೇಖಾಗಣಿತದ ಪಾಠಕ್ಕೆ ಬನ್ನಿ, ಅಲ್ಲಿನ ಮಾತೇ ಬೇರೆ. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಇದ್ದರೂ ಇರಬಹುದು ಎಂದು ಬರೆದವನಿಗೆ ಯಾವ ಮೇಷ್ಟರೂ ಅಂಕ ಕೊಡುವುದಿಲ್ಲ. ಸಾಧನೆ ಎಂದರೆ ಸಂಶಯಕ್ಕೆ ಎಡೆಯೇ ಇಲ್ಲದಂತೆ ತೋರಿಸುವುದು. ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಂತೆ ಕಾಣುವ ಇವೆರಡನ್ನೂ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಹಂಗೆರಿಯ ಕೆಲವು ಗಣಿತಜ್ಞರು ಒಂದೇ ನೊಗಕ್ಕೆ ಕಟ್ಟಿದರು. ‘ಆಗಬಹುದು’ ಎಂಬುದೇ ‘ಇದ್ದೇ ಇದೆ’ ಎಂಬುದಕ್ಕೆ ಸಾಕ್ಷಿ ನುಡಿಯತೊಡಗಿತು. ಹೀಗೆ ಕಟ್ಟಿದ ನೊಗದಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಉಳುಮೆ ಮಾಡಿದ ಪ್ರೊಫೆಸರ್ ಬೇಲಾ ಬೊಲ್ಲೊಬಾಶ್ ಅವರ ಕೆಲಸವನ್ನು ಇಲ್ಲಿ ನೋಡೋಣ. ಹಂಗೆರಿ ಭಾಷೆಯಲ್ಲಿ ‘ಸ’ ಎಂದು ಬರೆದದ್ದನ್ನು ‘ಶ’ ಎಂದು ಓದುತ್ತಾರೆ. ಹೀಗಾಗಿ ಈ ಲೇಖನದಲ್ಲಿ ಬೊಲ್ಲೊಬಾಶ್, ಏರ್ಡೋಶ್, ಸೆಕೆರೆಶ್ ಎಂದು ‘ಶ’ಕಾರಗಳ ಸಾಲೇ ಬರುತ್ತದೆ.

ಅವರ ಬದುಕಿಗೆ ಹೋಗುವ ಮೊದಲು ಅವರು ಯಾವ ಹೊಲ ಉತ್ತರು ಎಂದು ತಿಳಿಯಬೇಕಲ್ಲ. ಒಂದು ಒಗಟಿನಿಂದ ಪ್ರಾರಂಭಿಸೋಣ. ಮದುವೆಯ ಪಂಕ್ತಿಯಲ್ಲಿ ಆರು ಜನ ಕುಳಿತಿದ್ದಾರೆ. ಯಾವ ಇಬ್ಬರನ್ನು ತೆಗೆದುಕೊಂಡರೂ ಅವರು ಪರಸ್ಪರ ಪರಿಚಿತರು, ಇಲ್ಲವೆ ಅಪರಿಚಿತರು. ಈ ಆರು ಜನರಲ್ಲಿ ಒಬ್ಬರಿಗೊಬ್ಬರು ಪರಿಚಯವಿರುವ ಮೂವರು ಇದ್ದೇ ಇರುತ್ತಾರೆ, ಅವರಿಲ್ಲದಿದ್ದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಮೂವರಾದರೂ ಇರುತ್ತಾರೆ. ನಂಬಿಕೆ ಬಾರದಿದ್ದರೆ ನೀವೇ ನೋಡಿ. ಒಬ್ಬನನ್ನು ಆರಿಸಿಕೊಳ್ಳಿ. ಉಳಿದ ಐವರಲ್ಲಿ ಕನಿಷ್ಠ ಮೂವರು ಅವನಿಗೆ ಪರಿಚಿತರಾಗಿರಬೇಕು, ಇಲ್ಲವೆ ಕನಿಷ್ಠ ಮೂವರು ಅಪರಿಚಿತರಾಗಿರಬೇಕು. ಪರಿಚಿತರು ಎಂದಿಟ್ಟುಕೊಳ್ಳಿ. ಆ ಮೂವರಲ್ಲಿ ಯಾವ ಇಬ್ಬರಿಗಾದರೂ ಪರಸ್ಪರ ಪರಿಚಯವಿದ್ದರೆ ನಮ್ಮವನೂ ಸೇರಿ ಪರಿಚಿತರ ತ್ರಿಕೂಟವಾಯಿತು. ಯಾರಿಗೂ ಇಲ್ಲವಾದರೆ ಆ ಮೂವರೇ ಅಪರಿಚಿತರ ತ್ರಿಕೂಟ. ಇನ್ನೊಂದು ಸಂದರ್ಭಕ್ಕೂ ಇದೇ ವಾದ.

ಜನರನ್ನು ಬಿಂದುಗಳೆಂದೂ ಪರಿಚಯವನ್ನು ಎರಡು ಬಿಂದು ಸೇರಿಸುವ ಗೆರೆಯೆಂದೂ ಬರೆದರೆ ಸಿಗುವ ಚಿತ್ರಕ್ಕೆ ಗಣಿತಜ್ಞರು ಗ್ರಾಫ್ ಎನ್ನುತ್ತಾರೆ. ಗ್ರಾಫ್ ಹಾಳೆಯ ಮೇಲೆ ನೀವು ಎಳೆಯುವ ವಕ್ರರೇಖೆಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಇಂಥ ಚಿತ್ರಗಳ ಶಾಸ್ತ್ರ ಗ್ರಾಫ್ ಸಿದ್ಧಾಂತ. ಕ್ರಮಯೋಜನೆ, ವಿಕಲ್ಪ ಎಂದು ನೀವು ಓದುವ ಲೆಕ್ಕಗಳು ಬೆಳೆದು ದೊಡ್ಡವಾದರೆ ಅದು ಸಂಯೋಜನಶಾಸ್ತ್ರ. ಇವೆರಡೂ ಅಕ್ಕಪಕ್ಕದ ಮನೆಗಳು.

ಆರು ಜನರ ಒಗಟನ್ನು ದೊಡ್ಡದು ಮಾಡಿದವರು ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ. ನಿಮಗೆ ಎಷ್ಟೇ ದೊಡ್ಡ ಪರಿಚಿತರ ಅಥವಾ ಅಪರಿಚಿತರ ಕೂಟ ಬೇಕೆಂದರೂ, ಸಾಕಷ್ಟು ಜನ ಸೇರಿದರೆ ಅಂಥದೊಂದು ಇದ್ದೇ ಇರುತ್ತದೆ ಎಂದು ಅವರು ತೋರಿಸಿದರು. ಆ ಪ್ರಬಂಧ ಅಚ್ಚಾದ 1930ರಲ್ಲೇ, ಇಪ್ಪತ್ತಾರರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆದರೆ ‘ಸಾಕಷ್ಟು’ ಎಂದರೆ ಎಷ್ಟು? ಮೂವರ ಕೂಟಕ್ಕೆ ಆರು ಜನ ಸಾಕು. ನಾಲ್ವರ ಕೂಟಕ್ಕೆ 18 ಜನ ಬೇಕು. ಐವರ ಕೂಟಕ್ಕೆ? ಉತ್ತರ 43 ಮತ್ತು 46ರ ನಡುವೆ ಎಲ್ಲೋ ಇದೆ ಎಂಬಷ್ಟೇ ಇಂದಿಗೂ ತಿಳಿದಿರುವುದು! ಕಂಪ್ಯೂಟರ್ ಇದ್ದೂ ಈ ಅವಸ್ಥೆ.

ಇಷ್ಟು ಕಷ್ಟವಾದುದರಿಂದ ಗಣಿತಜ್ಞರು ನಿಖರ ಉತ್ತರದ ಆಸೆ ಬಿಟ್ಟು ನೆಲವನ್ನೂ ಛಾವಣಿಯನ್ನೂ ಹುಡುಕಿದರು. ಇಷ್ಟು ಜನ ಖಂಡಿತ ಸಾಕು ಎಂಬುದು ಛಾವಣಿ, ಇಷ್ಟು ಜನ ಖಂಡಿತ ಸಾಲದು ಎಂಬುದು ನೆಲ. 1935ರಲ್ಲಿ ಪಾಲ್ ಏರ್ಡೋಶ್ ಮತ್ತು ಜಾರ್ಜ್ ಸೆಕೆರೆಶ್ ಎಂಬ ಹಂಗೆರಿಯ ಇಬ್ಬರು ತರುಣರು ಒಂದು ಛಾವಣಿ ಹಾಕಿದರು. ಅವರ ಲೆಕ್ಕದ ಪ್ರಕಾರ ಹತ್ತು ಜನರ ಕೂಟಕ್ಕೆ 48,620 ಜನ ಸಾಕು.

ನೆಲ ಸಿಕ್ಕಿದ್ದು 1947ರಲ್ಲಿ, ಅದೇ ಏರ್ಡೋಶ್ ಕೈಯಿಂದ. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಮುಂದಿನ ಕಥೆಯೆಲ್ಲ ಈ ಒಂದು ವಾದದ ಮೇಲೆ ನಿಂತಿದೆ.

ನೂರು ಜನ ಸೇರಿದರೂ ಹತ್ತು ಜನರ ಕೂಟ ಇರಲೇಬೇಕೆಂದೇನೂ ಇಲ್ಲ ಎಂದು ತೋರಿಸಬೇಕಾಗಿದೆ. ಅಂದರೆ, ಪೂರ್ತಿ ಪರಿಚಿತರೋ ಪೂರ್ತಿ ಅಪರಿಚಿತರೋ ಆದ ಹತ್ತು ಜನರ ಗುಂಪು ಒಂದೂ ಇಲ್ಲದ ಹಾಗೆ ನೂರು ಜನರ ಪರಿಚಯಗಳನ್ನು ಜೋಡಿಸಲು ಸಾಧ್ಯ ಎನ್ನಬೇಕು. ನೂರು ಜನರಲ್ಲಿ 4,950 ಜೋಡಿಗಳಿವೆ. ಪ್ರತಿ ಜೋಡಿಗೂ ಎರಡು ಆಯ್ಕೆ. ಒಟ್ಟು ಜೋಡಣೆಗಳ ಸಂಖ್ಯೆ ಬರೆದರೆ 1,491 ಅಂಕಿಗಳಾಗುತ್ತವೆ. ಒಂದೊಂದನ್ನೇ ಪರೀಕ್ಷಿಸುವುದು ಬ್ರಹ್ಮನ ಆಯುಸ್ಸಿನಲ್ಲೂ ಮುಗಿಯದ ಕೆಲಸ. ಏರ್ಡೋಶ್ ಯಾವ ಜೋಡಣೆಯನ್ನೂ ಪರೀಕ್ಷಿಸಲಿಲ್ಲ. ಅವರ ವಾದವನ್ನು ನಾಣ್ಯದ ಭಾಷೆಯಲ್ಲಿ ಹೇಳಬಹುದು. ಪ್ರತಿ ಜೋಡಿಗೂ ಒಂದು ನಾಣ್ಯ ಚಿಮ್ಮಿ: ಹೆಡ್ ಬಿದ್ದರೆ ಪರಿಚಿತರು, ಟೇಲ್ ಬಿದ್ದರೆ ಅಪರಿಚಿತರು. ಈಗ ಯಾವುದಾದರೂ ಒಂದು ಹತ್ತು ಜನರ ಗುಂಪನ್ನು ನೋಡಿ. ಅದರೊಳಗೆ 45 ಜೋಡಿಗಳು. ನಲವತ್ತೈದೂ ಹೆಡ್ ಅಥವಾ ನಲವತ್ತೈದೂ ಟೇಲ್ ಬೀಳುವ ಸಂಭವ ಎಷ್ಟು? 44 ಎರಡುಗಳನ್ನು ಗುಣಿಸಿದಷ್ಟರಲ್ಲಿ ಒಂದು ಪಾಲು, ಅಂದರೆ ಸುಮಾರು 17.59 ಲಕ್ಷ ಕೋಟಿಯಲ್ಲಿ ಒಂದು. ಇನ್ನು, ನೂರು ಜನರಿಂದ ಹತ್ತು ಜನರನ್ನು ಆರಿಸುವ ಬಗೆಗಳು ಎಷ್ಟು? ನಿಮ್ಮ ವಿಕಲ್ಪದ ಸೂತ್ರ ಹಾಕಿ: ಸುಮಾರು 17.31 ಲಕ್ಷ ಕೋಟಿ. ಭಾಗಿಸಿದರೆ, ಒಂದು ಜೋಡಣೆಯಲ್ಲಿ ಸರಾಸರಿ ಎಷ್ಟು ‘ಕೆಟ್ಟ’ ಗುಂಪು ಇರುತ್ತವೆ ಎಂಬ ಲೆಕ್ಕ ಸಿಗುತ್ತದೆ: 0.98. ಒಂದಕ್ಕಿಂತ ಕಡಿಮೆ!

ಒಂದು ತರಗತಿಯಲ್ಲಿ ಎಲ್ಲರ ಅಂಕಗಳೂ ಪೂರ್ಣಾಂಕಗಳು, ಸರಾಸರಿ ಮಾತ್ರ ಒಂದಕ್ಕಿಂತ ಕಡಿಮೆ ಎಂದುಕೊಳ್ಳಿ. ಸೊನ್ನೆ ತೆಗೆದವನು ಒಬ್ಬನಾದರೂ ಆ ತರಗತಿಯಲ್ಲಿ ಇರಲೇಬೇಕಲ್ಲವೆ? ಹಾಗೆಯೇ ಕೆಟ್ಟ ಗುಂಪು ಒಂದೂ ಇಲ್ಲದ ಜೋಡಣೆ ಒಂದಾದರೂ ಇರಲೇಬೇಕು. ‘ಬಹುಶಃ’ ಎಂಬ ಮಾತು ಇಲ್ಲಿ ಎಲ್ಲೂ ಇಲ್ಲ. ಪುರಾವೆ ಪೂರ್ತಿಯಾಯಿತು.

ಸೊನ್ನೆ ತೆಗೆದವನು ಯಾರು ಎಂದು ಕೇಳಿದರೆ ಮಾತ್ರ ಈ ವಾದ ಬಾಯಿ ಮುಚ್ಚಿಕೊಳ್ಳುತ್ತದೆ. ಇದ್ದಾನೆ ಎನ್ನುತ್ತದೆ, ಎಳೆದು ತಂದು ನಿಲ್ಲಿಸುವುದಿಲ್ಲ. ಇಂಥ ವಾದವನ್ನು 1943ರಲ್ಲಿ ಸೇಲೆ ಎಂಬ ಇನ್ನೊಬ್ಬ ಹಂಗೆರಿಯವರು ಬೇರೊಂದು ಸಮಸ್ಯೆಗೆ ಬಳಸಿದ್ದುಂಟು. ಅದನ್ನು ಒಂದು ವಿಧಾನವಾಗಿ ಬೆಳೆಸಿದ್ದು ಏರ್ಡೋಶ್.

ಬುಡಾಪೆಸ್ಟ್‌ನ ಹುಡುಗ

ಸೇಲೆ ಆ ವಾದ ಮಾಡಿದ 1943ರಲ್ಲೇ, ಆಗಸ್ಟ್ 3ರಂದು, ಬೊಲ್ಲೊಬಾಶ್ ಬುಡಾಪೆಸ್ಟ್‌ನಲ್ಲಿ ಹುಟ್ಟಿದರು. ತಂದೆ ವೈದ್ಯರು. ಇಷ್ಟು ಚಿಕ್ಕ ದೇಶ ಇಷ್ಟೊಂದು ಗಣಿತಜ್ಞರನ್ನು ಹೇಗೆ ಹೆತ್ತಿತು ಎಂದು ಹಲವರು ಕೇಳಿದ್ದಾರೆ. ನನಗೆ ತೋರುವ ಒಂದು ಕಾರಣ ಬಹಳ ಸರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಅಲ್ಲಿ ಹೈಸ್ಕೂಲು ಮಕ್ಕಳಿಗೆಂದೇ ಒಂದು ಗಣಿತ ಮಾಸಿಕ ಹೊರಡುತ್ತಿತ್ತು. ಪ್ರತಿ ಸಂಚಿಕೆಯಲ್ಲೂ ಸಮಸ್ಯೆಗಳು. ಬಿಡಿಸಿ ಕಳಿಸಿದವರ ಹೆಸರು ಅಚ್ಚಾಗುತ್ತಿತ್ತು, ಚೆನ್ನಾಗಿ ಬಿಡಿಸಿದವರ ಫೋಟೋ ಕೂಡ. ಊರೂರಿನ ಮಕ್ಕಳಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ಹುಡುಗರು ಕ್ರಿಕೆಟ್ ಆಟಗಾರರ ಚಿತ್ರ ಕತ್ತರಿಸಿಟ್ಟುಕೊಳ್ಳುವುದನ್ನು ನೆನೆಸಿಕೊಳ್ಳಿ.

1959ರಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ರುಮೇನಿಯಾದಲ್ಲಿ ಪ್ರಾರಂಭವಾಯಿತು. ಅದರ ಮೊದಲ ಮೂರು ವರ್ಷವೂ ಬೊಲ್ಲೊಬಾಶ್ ಹಂಗೆರಿಯ ತಂಡದಲ್ಲಿದ್ದು ಎರಡು ಚಿನ್ನದ ಪದಕ ಗೆದ್ದರು. ಸ್ಪರ್ಧೆಗಳಲ್ಲಿ ಗೆಲ್ಲುವ ಈ ಹುಡುಗನ ಸುದ್ದಿ ಏರ್ಡೋಶ್ ಕಿವಿಗೆ ಬಿತ್ತು. ಅಷ್ಟು ಹೊತ್ತಿಗೆ ಏರ್ಡೋಶ್ ಲೋಕಪ್ರಸಿದ್ಧರು. ಮನೆಯಿಲ್ಲ, ಕಾಯಂ ನೌಕರಿಯಿಲ್ಲ, ದೇಶದಿಂದ ದೇಶಕ್ಕೆ ಪೆಟ್ಟಿಗೆ ಹಿಡಿದು ಅಲೆಯುವ ಗಣಿತ ಸನ್ಯಾಸಿ. ಅವರು ಹುಡುಗನನ್ನು ಊಟಕ್ಕೆ ಕರೆದರು. ಎದುರಿಗೆ ಕೂರಿಸಿಕೊಂಡು ಸಮಸ್ಯೆಗಳನ್ನು ಕೊಡುವುದೇ ಅವರ ಪಾಠದ ಕ್ರಮ. ಪಠ್ಯಪುಸ್ತಕದ ಸಮಸ್ಯೆಗಳಲ್ಲ, ಯಾರೂ ಬಿಡಿಸಿರದ ಸಮಸ್ಯೆಗಳು. ಊಟದಿಂದ ಬೆಳೆದ ಪರಿಚಯ 1962ರಲ್ಲಿ ಇಬ್ಬರ ಹೆಸರಿನಲ್ಲೂ ಅಚ್ಚಾದ ಒಂದು ಪ್ರಬಂಧಕ್ಕೆ ಮುಟ್ಟಿತು. ಅದನ್ನು ಬರೆದಾಗ ಬೊಲ್ಲೊಬಾಶ್ ಇನ್ನೂ ಶಾಲೆಯ ಹುಡುಗ.

ಆದರೆ ಕಾಲ ಚೆನ್ನಾಗಿರಲಿಲ್ಲ. 1956ರಲ್ಲಿ, ಅವರಿಗೆ ಹದಿಮೂರು ವರ್ಷವಿದ್ದಾಗ, ಬುಡಾಪೆಸ್ಟ್‌ನ ಜನ ಸರ್ಕಾರದ ವಿರುದ್ಧ ಎದ್ದಿದ್ದರು, ಸೋವಿಯತ್ ಟ್ಯಾಂಕುಗಳು ಬಂದು ಆ ದಂಗೆಯನ್ನು ತುಳಿದಿದ್ದವು. ಅಲ್ಲಿಂದ ಮುಂದೆ ಹೊರದೇಶಕ್ಕೆ ಹೋಗಿ ಓದುವುದು ಎಂದರೆ ಪ್ರತಿಭೆಯ ಮಾತಲ್ಲ, ಪಾಸ್‌ಪೋರ್ಟ್ ಕಚೇರಿಯ ಮಾತು. ಏರ್ಡೋಶ್ ಅವರು ಕೇಂಬ್ರಿಜ್‌ನ ಹೆರಾಲ್ಡ್ ಡ್ಯಾವನ್‌ಪೋರ್ಟ್ ಅವರಿಗೆ ಶಿಫಾರಸು ಮಾಡಿದರು. ದೀರ್ಘಕಾಲ ಅಲೆದಾಡಿದ ಮೇಲೆ ಒಂದೇ ಒಂದು ವರ್ಷ ಅಲ್ಲಿ ಓದಲು ಅಪ್ಪಣೆ ಸಿಕ್ಕಿತು. ಡಾಕ್ಟರೇಟಿಗೆ ಮತ್ತೆ ಹೋಗುತ್ತೇನೆ ಎಂದಾಗ ಅಧಿಕಾರಿಗಳು ಒಪ್ಪಲಿಲ್ಲ. ಪ್ಯಾರಿಸ್‌ನಿಂದ ವಿದ್ಯಾರ್ಥಿವೇತನ ಬಂತು, ಅದಕ್ಕೂ ಕಲ್ಲು ಬಿತ್ತು. ಕೊನೆಗೆ 1967ರಲ್ಲಿ ಬುಡಾಪೆಸ್ಟ್‌ನಲ್ಲೇ ಲಾಸ್ಲೋ ಫೆಯೆಶ್ ಟೋತ್ ಮತ್ತು ಏರ್ಡೋಶ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮುಗಿಸಿದರು. ಮಾಸ್ಕೋಗೆ ಹೋಗಲು ಅಡ್ಡಿಯಿರಲಿಲ್ಲ. ಅಲ್ಲಿ ಮಹಾ ಗಣಿತಜ್ಞ ಗೆಲ್‌ಫಾಂಡ್ ಬಳಿ ಒಂದು ವರ್ಷ ಕಳೆದರು.

ಇನ್ನೊಂದು ಸಲ ಹಂಗೆರಿ ಬಿಡಲು ಸಾಧ್ಯವಾದರೆ ತಿರುಗಿ ಬರುವುದಿಲ್ಲ ಎಂದು ಅಷ್ಟರಲ್ಲಿ ಅವರು ಮನಸ್ಸಿನಲ್ಲೇ ನಿಶ್ಚಯಿಸಿದ್ದರು. ಆಕ್ಸ್‌ಫರ್ಡಿನಲ್ಲಿ ಒಂದು ವರ್ಷದ ಅವಕಾಶ ಸಿಕ್ಕಿತು. ಹೋದರು, ತಿರುಗಿ ಹೋಗಲಿಲ್ಲ. ಮನೆ, ಭಾಷೆ, ಗುರು, ಗೆಳೆಯರು ಎಲ್ಲವನ್ನೂ ಗಡಿಯ ಆಚೆ ಬಿಟ್ಟು ಬರುವ ನಿರ್ಧಾರ ಅದು. ಆಗ ವಯಸ್ಸು ಇಪ್ಪತ್ತೈದರ ಆಸುಪಾಸು.

1970ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಅವರನ್ನು ಫೆಲೋ ಆಗಿ ಆರಿಸಿತು. 1972ರಲ್ಲಿ ಫ್ರಾಂಕ್ ಆಡಮ್ಸ್ ಮಾರ್ಗದರ್ಶನದಲ್ಲಿ ಎರಡನೆಯ ಡಾಕ್ಟರೇಟ್ ಪಡೆದರು. ಅದರ ವಿಷಯ ಗ್ರಾಫ್ ಅಲ್ಲವೇ ಅಲ್ಲ, ಬಾನಾಕ್ ಬೀಜಗಣಿತಗಳು ಎಂಬ, ವಿಶ್ಲೇಷಣ ಗಣಿತದ ಒಂದು ಗಹನವಾದ ಶಾಖೆ. ಇದು ಮುಂದೆ ಉಪಯೋಗಕ್ಕೆ ಬಂದದ್ದನ್ನು ನೋಡಲಿದ್ದೀರಿ.

ಟ್ರಿನಿಟಿ ಎಂದ ಕೂಡಲೆ ನಿಮಗೆ ಶ್ರೀನಿವಾಸ ರಾಮಾನುಜನ್ ನೆನಪಾಗಬೇಕು. 1913ರಲ್ಲಿ ಮದರಾಸಿನಿಂದ ಬಂದ ರಾಮಾನುಜನ್ನರ ಕಾಗದವನ್ನು ಹಾರ್ಡಿಯ ಜೊತೆ ಕುಳಿತು ಪರಿಶೀಲಿಸಿದ ಲಿಟಲ್‌ವುಡ್, ಬೊಲ್ಲೊಬಾಶ್ ಬಂದಾಗಲೂ ಅದೇ ಕಾಲೇಜಿನಲ್ಲಿ ವಾಸವಾಗಿದ್ದರು. 1977ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆ ವೃದ್ಧರ ಒಡನಾಟ ಬೊಲ್ಲೊಬಾಶ್ ದಂಪತಿಗಳಿಗೆ ಲಭಿಸಿತು. ಲಿಟಲ್‌ವುಡ್ಡರ ಬಿಡಿ ಬರಹಗಳನ್ನು 1986ರಲ್ಲಿ ವಿಸ್ತರಿಸಿ ಸಂಪಾದಿಸಿದವರು ಬೊಲ್ಲೊಬಾಶ್. ಅವರ ಪತ್ನಿ ಗೇಬ್ರಿಯೆಲಾ ಶಿಲ್ಪಿ. ಏರ್ಡೋಶ್, ಡಿರಾಕ್, ಹಾಕಿಂಗ್ ಮೊದಲಾದವರ ಮುಖಶಿಲ್ಪ ಮಾಡಿದ್ದಾರೆ. ಬೊಲ್ಲೊಬಾಶ್ ಕತ್ತಿವರಸೆಯಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಒಂದು ಲಕ್ಷ ಮನೆಗಳ ಊರು

ಆ ದಿನಗಳಲ್ಲಿ ಸಂಯೋಜನಶಾಸ್ತ್ರಕ್ಕೆ ಮರ್ಯಾದೆ ಕಡಿಮೆ. ಅದು ಸ್ಥಳಶಾಸ್ತ್ರದ ಕೊಳೆಗೇರಿ ಎಂಬ ಮೂದಲಿಕೆ ಗಣಿತಜ್ಞರ ನಡುವೆ ಓಡಾಡುತ್ತಿತ್ತು. ಒಗಟು ಬಿಡಿಸುವುದು ಜಾಣತನವೇ ಹೊರತು ಶಾಸ್ತ್ರವಲ್ಲ ಎಂಬ ಭಾವನೆ. ಎರಡನೆಯ ಡಾಕ್ಟರೇಟ್ ಕೈಯಲ್ಲಿದ್ದ ಬೊಲ್ಲೊಬಾಶ್ ವಿಶ್ಲೇಷಣ ಗಣಿತದಲ್ಲೇ ಉಳಿದಿದ್ದರೆ ದಾರಿ ಸುಗಮವಾಗಿರುತ್ತಿತ್ತು. ಅವರು ಅದನ್ನು ಪೂರ್ತಿ ಬಿಡದೆಯೂ ಗ್ರಾಫ್‌ಗಳ ಕಡೆಗೆ ತಿರುಗಿದರು. 1978ರಲ್ಲಿ ಅವರ ಮೊದಲ ದೊಡ್ಡ ಗ್ರಂಥ ಬಂತು, ಗ್ರಾಫ್‌ಗಳ ಪರಮಾವಧಿ ಸಮಸ್ಯೆಗಳ ಮೇಲೆ. ನೂರು ಜನರಲ್ಲಿ ಪರಸ್ಪರ ಪರಿಚಿತರಾದ ಮೂವರು ಎಲ್ಲೂ ಇರಬಾರದೆಂದರೆ ಪರಿಚಯದ ಜೋಡಿಗಳು ಹೆಚ್ಚೆಂದರೆ ಎಷ್ಟಿರಬಹುದು ಎಂಬಂಥ ಪ್ರಶ್ನೆಗಳು ಅಲ್ಲಿವೆ. ಉತ್ತರ 2,500. ಐವತ್ತು ಐವತ್ತರ ಎರಡು ಪಂಗಡ ಮಾಡಿ, ಒಂದು ಪಂಗಡದ ಪ್ರತಿಯೊಬ್ಬನಿಗೂ ಇನ್ನೊಂದರ ಎಲ್ಲರ ಪರಿಚಯವಿದೆ ಎಂದರೆ ಆಯಿತು.

ಅವರ ಹೆಸರು ನಿಂತಿರುವುದು ಮಾತ್ರ ಮುಖ್ಯವಾಗಿ ಯಾದೃಚ್ಛಿಕ ಗ್ರಾಫ್‌ಗಳ ಮೇಲೆ. ಯಾದೃಚ್ಛಿಕ ಎಂದರೆ ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಒಳಪಡದೆ ಆದದ್ದು. ಒಂದು ಲಕ್ಷ ಮನೆಗಳ ಹೊಸ ಊರನ್ನು ಕಲ್ಪಿಸಿಕೊಳ್ಳಿ. ಪ್ರತಿ ಸಲವೂ ಚೀಟಿ ಎತ್ತಿ ಎರಡು ಮನೆಗಳನ್ನು ಆರಿಸಿ ಅವುಗಳ ನಡುವೆ ಒಂದು ಟೆಲಿಫೋನ್ ತಂತಿ ಎಳೆಯುತ್ತೀರಿ. ನೇರವಾಗಿ ತಂತಿಯಿಲ್ಲದಿದ್ದರೂ ನಡುವಿನ ಮನೆಗಳ ಮೂಲಕ ಸುದ್ದಿ ಮುಟ್ಟಿಸಬಹುದಾದರೆ ಅವು ಒಂದೇ ಕೂಟದ ಮನೆಗಳು. 40,000 ತಂತಿ ಎಳೆದ ಮೇಲೆ ಊರಿನ ಅತಿ ದೊಡ್ಡ ಕೂಟ ಎಷ್ಟು ದೊಡ್ಡದಿರುತ್ತದೆ? ಕೆಲವು ನೂರು ಮನೆ, ಅಷ್ಟೇ. ಊರು ಇನ್ನೂ ಚೂರು ಚೂರು. 60,000 ತಂತಿ ಆದಾಗ? ಸುಮಾರು 31,000 ಮನೆಗಳ ಒಂದೇ ಮಹಾಕೂಟ! ನಡುವೆ ಏನೋ ಆಗಿಹೋಗಿದೆ. ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವ ಹಾಗೆ, ಮನೆಗಳ ಸಂಖ್ಯೆಯ ಅರ್ಧದಷ್ಟು ತಂತಿಗಳಾದ ಕೂಡಲೆ, ನಮ್ಮ ಊರಿನಲ್ಲಿ 50,000 ಆದಾಗ, ಊರಿನ ಸ್ವರೂಪವೇ ಬದಲಾಗುತ್ತದೆ. ಇದನ್ನು ಕಂಡುಹಿಡಿದವರು ಏರ್ಡೋಶ್ ಮತ್ತು ಅವರ ಗೆಳೆಯ ಆಲ್‌ಫ್ರೆಡ್ ರೇನ್ಯಿ. ಅವರ ಪ್ರಬಂಧಗಳು ಪ್ರಕಟವಾದದ್ದು 1959 ಮತ್ತು 1960ರಲ್ಲಿ. ರೇನ್ಯಿ 1970ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲೇ ತೀರಿಹೋದರು.

ಅವರಿಬ್ಬರೂ ದೂರದಿಂದ ಕಂಡಂತೆ ಅದು ಎರಡು ಜಿಗಿತ. 50,000ಕ್ಕೆ ಮೊದಲು ಚಿಕ್ಕ ಕೂಟ, ಸರಿಯಾಗಿ 50,000ದಲ್ಲಿ ಮಧ್ಯಮ ಕೂಟ, ದಾಟಿದ ಮೇಲೆ ಮಹಾಕೂಟ. ಆ ಕ್ಷಣದ ಒಳಗೆ ಏನು ನಡೆಯುತ್ತದೆ? ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರೂ ಹತ್ತಿರ ಹೋಗಿ ನೋಡಿರಲಿಲ್ಲ. 1984ರಲ್ಲಿ ಬೊಲ್ಲೊಬಾಶ್ ನೋಡಿದರು. ಆ ಜಾಗವನ್ನು ಸಾಕಷ್ಟು ಹಿಗ್ಗಿಸಿ ನೋಡಿದರೆ ಜಿಗಿತವೆಂಬುದೇ ಇಲ್ಲ, ಹಂತಹಂತವಾದ ಬೆಳವಣಿಗೆ ಇದೆ ಎಂದು ತೋರಿಸಿದರು. ಗಡಿ ದಾಟಿದ ಹೊಸತರಲ್ಲಿ ಪ್ರತಿ ಹೊಸ ತಂತಿಯೂ ಮಹಾಕೂಟಕ್ಕೆ ಸರಾಸರಿ ನಾಲ್ಕು ಮನೆಗಳನ್ನು ಸೇರಿಸುತ್ತದೆ. ಅಂದರೆ 51,000 ತಂತಿಯಾದಾಗ ಮಹಾಕೂಟದಲ್ಲಿ ಸುಮಾರು 4,000 ಮನೆ. ಎಷ್ಟು ಸರಳವಾದ ಅಂಕಿ! ಇದರ ಹಿಂದೆ ಇರುವ ಲೆಕ್ಕ ಮಾತ್ರ ಸರಳವಲ್ಲ. ಅವರು ಉಳಿಸಿದ್ದ ಕೆಲವು ಒರಟು ಅಂಚುಗಳನ್ನು 1990ರಲ್ಲಿ ಪೋಲೆಂಡಿನ ತೊಮಾಷ್ ವುಚಾಕ್ ನಯಗೊಳಿಸಿದರು.

ತಂತಿ ಎಳೆಯುತ್ತ ಹೋಗಿ. ಒಂಟಿ ಮನೆ ಒಂದೂ ಉಳಿಯದಂತೆ ಇಡೀ ಊರು ಒಂದಾಗಲು ಸುಮಾರು 5.76 ಲಕ್ಷ ತಂತಿ ಬೇಕು. ಇನ್ನೂ ಮುಂದೆ, ಸುಮಾರು 7 ಲಕ್ಷದ ಹೊತ್ತಿಗೆ, ಇನ್ನೊಂದು ಸೋಜಿಗ. ಒಂದು ಮನೆಯಿಂದ ಹೊರಟು ತಂತಿಗಳ ದಾರಿಯಲ್ಲೇ ಸಾಗಿ, ಪ್ರತಿ ಮನೆಗೂ ಒಂದೇ ಒಂದು ಸಲ ಹೋಗಿ, ಹೊರಟ ಮನೆಗೇ ಮರಳಬೇಕು. ಹೀಗಾಗಲು ಪ್ರತಿ ಮನೆಗೂ ಎರಡು ತಂತಿಯಾದರೂ ಬೇಕು, ಬರಲು ಒಂದು, ಹೋಗಲು ಒಂದು. ಅಷ್ಟಿದ್ದರೆ ಸಾಕೇ? ಸಾಮಾನ್ಯವಾಗಿ ಸಾಲದು. ಆದರೆ ಯಾದೃಚ್ಛಿಕವಾಗಿ ಎಳೆದ ಊರಿನಲ್ಲಿ, ಕಟ್ಟಕಡೆಯ ಮನೆಗೆ ಎರಡನೆಯ ತಂತಿ ಬಿದ್ದ ಅದೇ ಗಳಿಗೆಯಲ್ಲಿ ಅಂಥ ಪ್ರದಕ್ಷಿಣೆ ಸಾಧ್ಯವಾಗುತ್ತದೆ! ಊರು ದೊಡ್ಡದಾದಷ್ಟೂ ಇದರ ಸಂಭವ ಒಂದಕ್ಕೆ ಹತ್ತಿರವಾಗುತ್ತದೆ. ಇದನ್ನೂ 1984ರಲ್ಲಿ ಬೊಲ್ಲೊಬಾಶ್ ತೋರಿಸಿದರು. ಅಯ್ತಾಯಿ, ಕೊಮ್ಲೋಶ್, ಸೆಮೆರೇದಿ ಎಂಬ ಮೂವರು ಸ್ವತಂತ್ರವಾಗಿ ಇದೇ ಫಲಿತಾಂಶ ತಲುಪಿದರು. ಮರುವರ್ಷ, 1985ರಲ್ಲಿ, ಯಾದೃಚ್ಛಿಕ ಗ್ರಾಫ್‌ಗಳ ಮೇಲಿನ ಅವರ ಗ್ರಂಥ ಹೊರಬಂದಿತು. ಅಲ್ಲಿಯವರೆಗೆ ನಿಯತಕಾಲಿಕಗಳಲ್ಲಿ ಚದುರಿಬಿದ್ದಿದ್ದ ವಿಷಯಕ್ಕೆ ಅದರಿಂದ ಒಂದು ಮನೆ ಸಿಕ್ಕಿತು.

ಅರ್ಧಕ್ಕೆ ನಿಂತ ಲೆಕ್ಕ

ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಸೊಗಸಾದ ಕೆಲಸ 1988ರದು. ಪರೀಕ್ಷೆಯ ವೇಳಾಪಟ್ಟಿ ಹಾಕುವವರ ಕಷ್ಟ ನಿಮಗೆ ಗೊತ್ತಿರಬಹುದು. ಒಬ್ಬನೇ ವಿದ್ಯಾರ್ಥಿ ತೆಗೆದುಕೊಂಡ ಎರಡು ವಿಷಯಗಳ ಪರೀಕ್ಷೆ ಒಂದೇ ಹೊತ್ತಿನಲ್ಲಿ ಇರಬಾರದು. ವಿಷಯಗಳನ್ನು ಬಿಂದುಗಳೆಂದು ಬರೆದು, ಘರ್ಷಣೆಯಿರುವ ವಿಷಯಗಳನ್ನು ಗೆರೆಯಿಂದ ಸೇರಿಸಿ. ಈಗ ಗೆರೆಯಿಂದ ಸೇರಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬಾರದಂತೆ ಎಲ್ಲ ಬಿಂದುಗಳಿಗೂ ಬಣ್ಣ ಹಾಕಬೇಕು. ಒಂದು ಬಣ್ಣ ಎಂದರೆ ಪರೀಕ್ಷೆಯ ಒಂದು ಹೊತ್ತು. ಕನಿಷ್ಠ ಎಷ್ಟು ಬಣ್ಣ ಬೇಕು?

ಪ್ರತಿ ಗೆರೆಯನ್ನೂ ನಾಣ್ಯ ಚಿಮ್ಮಿ ನಿರ್ಧರಿಸಿದ ಗ್ರಾಫಿಗೆ ಈ ಪ್ರಶ್ನೆ ಹಾಕಿ. ಒಂದೇ ಬಣ್ಣ ಪಡೆಯುವ ಗುಂಪಿನೊಳಗೆ ಗೆರೆಯೇ ಇರಕೂಡದು. ಅಂಥ ಗುಂಪು ಗರಿಷ್ಠ ಎಷ್ಟು ದೊಡ್ಡದಿರಬಹುದೆಂದು ತಿಳಿದಿತ್ತು, ಹೀಗಾಗಿ ಇಷ್ಟು ಬಣ್ಣಗಳಿಗಿಂತ ಕಡಿಮೆ ಸಾಲದು ಎಂದೂ ಗೊತ್ತಿತ್ತು. ಆದರೆ ಬಿಂದುಗಳನ್ನು ಒಂದೊಂದಾಗಿ ತೆಗೆದುಕೊಂಡು ಸಿಕ್ಕಿದ ಮೊದಲ ಬಣ್ಣ ಹಾಕುತ್ತ ಹೋದರೆ ಗುಂಪುಗಳು ಗರಿಷ್ಠದ ಅರ್ಧಕ್ಕೇ ನಿಂತುಬಿಡುತ್ತವೆ, ಬಣ್ಣಗಳು ಎರಡರಷ್ಟು ಖರ್ಚಾಗುತ್ತವೆ. 1975ರಿಂದ ಲೆಕ್ಕ ಇಲ್ಲೇ ಸಿಕ್ಕಿಕೊಂಡಿತ್ತು. ನಿಜವಾದ ಉತ್ತರ ನೆಲದ ಬಳಿಯೋ, ಛಾವಣಿಯ ಬಳಿಯೋ, ನಡುವೆಯೋ? ಎರಡರಷ್ಟು ಅಂತರವೇನು ಮಹಾ ಎನ್ನಬೇಡಿ. ಹದಿಮೂರು ವರ್ಷ ನುರಿತವರೆಲ್ಲ ಅಲ್ಲಿ ಮುಗ್ಗರಿಸಿದ್ದರು.

ಬೊಲ್ಲೊಬಾಶ್ ಹೊರಗಿನಿಂದ ಒಂದು ಉಪಕರಣ ತಂದರು. ಅದರ ಹೆಸರು ಮಾರ್ಟಿಂಗೇಲ್, ಜೂಜುಗಾರರ ಪಣದ ಪದ್ಧತಿಯಿಂದ ಬಂದ ಹೆಸರು. ಗ್ರಾಫನ್ನು ಒಮ್ಮೆಗೇ ನೋಡದೆ ಪರದೆ ಸರಿಸಿದಂತೆ ಸ್ವಲ್ಪ ಸ್ವಲ್ಪವೇ ನೋಡುತ್ತ, ಪ್ರತಿ ಹೆಜ್ಜೆಯಲ್ಲೂ ಅಂತಿಮ ಉತ್ತರದ ಅಂದಾಜನ್ನು ತಿದ್ದಿಕೊಳ್ಳುತ್ತ ಹೋಗುವುದು ಇಲ್ಲಿನ ಉಪಾಯ. ಒಂದೊಂದು ಹೆಜ್ಜೆಯೂ ಅಂದಾಜನ್ನು ಅಲ್ಪವಾಗಿ ಮಾತ್ರ ಕದಲಿಸಿದರೆ, ಕೊನೆಯ ಉತ್ತರ ಮೊದಲ ಅಂದಾಜಿನಿಂದ ಬಹಳ ದೂರ ಹೋಗುವ ಸಂಭವ ಅತ್ಯಂತ ಕಡಿಮೆ. ಹಿಂದಿನ ವರ್ಷವೇ ಶಮೀರ್ ಮತ್ತು ಸ್ಪೆನ್ಸರ್ ಎಂಬುವರು ಇದನ್ನು ಗ್ರಾಫ್‌ಗಳಿಗೆ ತಂದಿದ್ದರು. ಬೊಲ್ಲೊಬಾಶ್ ಅದನ್ನು ಹೀಗೆ ತಿರುಗಿಸಿದರು: ಗ್ರಾಫಿನ ಯಾವ ಭಾಗ ತೆಗೆದುಕೊಂಡರೂ, ಅದು ತೀರ ಚಿಕ್ಕದಾಗಿಲ್ಲದಿದ್ದರೆ, ಅದರೊಳಗೆ ಹೆಚ್ಚುಕಡಿಮೆ ಗರಿಷ್ಠ ಅಳತೆಯ ಗೆರೆಯಿಲ್ಲದ ಗುಂಪು ಸಿಕ್ಕೇ ಸಿಗುತ್ತದೆ, ಸಿಗದಿರುವ ಸಂಭವ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹಾಗಾದರೆ ದೊಡ್ಡ ಗುಂಪನ್ನು ಎತ್ತಿ ಒಂದು ಬಣ್ಣ ಹಾಕಿ, ಉಳಿದದ್ದರಲ್ಲಿ ಮತ್ತೊಂದು ದೊಡ್ಡ ಗುಂಪನ್ನು ಎತ್ತಿ. ಕೊನೆಯಲ್ಲಿ ಉಳಿಯುವ ಚೂರುಪಾರು ಬಿಂದುಗಳಿಗೆ ತಲೆಗೊಂದು ಬಣ್ಣ ಕೊಟ್ಟರೂ ನಷ್ಟವಿಲ್ಲ. ನಿಜವಾದ ಉತ್ತರ ನೆಲದ ಬಳಿಯೇ ಇತ್ತು. ಓದಿದರೆ ಇಷ್ಟೇನೇ ಎನಿಸುತ್ತದೆ. ಒಳ್ಳೆಯ ಗಣಿತದ ಗುಣವೇ ಅದು ಎಂದು ನಾನು ಹೇಳುತ್ತೇನೆ.

ಶಿಷ್ಯರು

1996ರಲ್ಲಿ ಬೊಲ್ಲೊಬಾಶ್ ಕೇಂಬ್ರಿಜ್ ವಿಶ್ವವಿದ್ಯಾಲಯದ ಹುದ್ದೆ ಬಿಟ್ಟು, ಟ್ರಿನಿಟಿಯ ಫೆಲೋ ಆಗಿ ಉಳಿದುಕೊಂಡೇ ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದಲ್ಲಿ ಪೀಠವನ್ನು ವಹಿಸಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 20ರಂದು, ಗಣಿತ ಸಭೆಯೊಂದಕ್ಕೆಂದು ವಾರ್ಸಾಗೆ ಹೋಗಿದ್ದಾಗ, ಏರ್ಡೋಶ್ ತೀರಿಕೊಂಡರು.

1998ರಲ್ಲಿ ಬೊಲ್ಲೊಬಾಶ್ ಶಿಷ್ಯ ತಿಮೊಥಿ ಗವರ್ಸ್ ಅವರಿಗೆ ಫೀಲ್ಡ್ಸ್ ಪದಕ ಬಂತು. ನೊಬೆಲ್ ಪ್ರಶಸ್ತಿಯಲ್ಲಿ ಗಣಿತಕ್ಕೆ ಸ್ಥಾನವಿಲ್ಲದಿರುವುದರಿಂದ ಗಣಿತಜ್ಞರು ಫೀಲ್ಡ್ಸ್ ಪದಕವನ್ನು ಅದಕ್ಕೆ ಸಮನಾಗಿ ಕಾಣುತ್ತಾರೆ. ಯಾವ ಕೆಲಸಕ್ಕೆ? ಬಾನಾಕ್ ಅವಕಾಶಗಳು ಎಂಬ ವಿಶ್ಲೇಷಣ ಗಣಿತದ ಕಗ್ಗಂಟುಗಳನ್ನು ಸಂಯೋಜನಶಾಸ್ತ್ರದ ಕೈಚಳಕದಿಂದ ಬಿಡಿಸಿದ್ದಕ್ಕೆ. ಗುರುವಿನ ಎರಡು ವಿದ್ಯೆಗಳು ಶಿಷ್ಯನಲ್ಲಿ ಕೂಡಿಕೊಂಡಿದ್ದವು. ಕೊಳೆಗೇರಿ ಎಂಬ ಮೂದಲಿಕೆ ಆಮೇಲೆ ಹೆಚ್ಚು ಕೇಳಿಬರಲಿಲ್ಲ.

ಅಷ್ಟರಲ್ಲಿ ಇಂಟರ್‌ನೆಟ್ ಬಂದಿತ್ತು. ಅದರ ಜಾಲ ಏರ್ಡೋಶ್ ಮತ್ತು ರೇನ್ಯಿಯರ ಊರಿನಂತಿಲ್ಲ, ಕೆಲವೇ ಬಿಂದುಗಳಿಗೆ ಸಾವಿರಾರು ಗೆರೆ, ಹೆಚ್ಚಿನವಕ್ಕೆ ಒಂದೋ ಎರಡೋ. ಹೊಸದಾಗಿ ಬರುವ ಬಿಂದು ಆಗಲೇ ಹೆಚ್ಚು ಗೆರೆಯಿರುವ ಬಿಂದುವನ್ನೇ ಸೇರಲು ಬಯಸುತ್ತದೆ, ಇದೇ ಇದಕ್ಕೆ ಕಾರಣ ಎಂದು 1999ರಲ್ಲಿ ಬರಾಬಾಶಿ ಮತ್ತು ಆಲ್ಬರ್ಟ್ ಎಂಬ ಭೌತವಿಜ್ಞಾನಿಗಳು ಸೂಚಿಸಿದರು. ಉಳ್ಳವನ ಮನೆಗೇ ನೆಂಟರು ಎಂದಂತೆ. ಅವರದು ಜಾಣ ಊಹೆ ಮತ್ತು ಕಂಪ್ಯೂಟರ್ ಲೆಕ್ಕ, ಸಾಧನೆ ಇರಲಿಲ್ಲ. 2001ರಲ್ಲಿ ಬೊಲ್ಲೊಬಾಶ್, ಅವರ ಶಿಷ್ಯ ಆಲಿವರ್ ರಿಯರ್ಡನ್, ಸ್ಪೆನ್ಸರ್ ಮತ್ತು ತುಶ್ನಾದಿ ಮೊದಲು ಆ ಮಾತಿಗೆ ನಿಖರವಾದ ಅರ್ಥ ಕೊಟ್ಟು, ಆಮೇಲೆ ಅದನ್ನು ಸಾಧಿಸಿದರು.

ಬಣ್ಣಗಳ ಸಂಖ್ಯೆಯ ಬಗ್ಗೆ ಅವರು 2004ರಲ್ಲಿ ಒಂದು ಪ್ರಶ್ನೆ ಎತ್ತಿದ್ದರು. ಅದೇ ಗಾತ್ರದ ಬೇರೆ ಬೇರೆ ಯಾದೃಚ್ಛಿಕ ಗ್ರಾಫ್‌ಗಳಲ್ಲಿ ಆ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರುತ್ತದೆಯೋ, ಏರುಪೇರಾಗುತ್ತದೆಯೋ? ಏರುಪೇರಾಗಲೇಬೇಕು ಎಂದು 2019ರಲ್ಲಿ ತೋರಿಸಿದವರು ಆನಿಕಾ ಹೆಕಲ್. ಅವರು ರಿಯರ್ಡನ್ ಅವರ ಶಿಷ್ಯೆ.

ಇನ್ನು ಹತ್ತು ಜನರ ಕೂಟದ ಒಗಟು. ಕೂಟಕ್ಕೆ ಒಬ್ಬನನ್ನು ಹೆಚ್ಚಿಸಿದಾಗಲೆಲ್ಲ 1935ರ ಛಾವಣಿ ಸರಿಸುಮಾರು ನಾಲ್ಕು ಪಟ್ಟು ಮೇಲೇರುತ್ತದೆ. 1988ರಲ್ಲಿ ಆಂಡ್ರೂ ಥಾಮಸನ್ ಛಾವಣಿಯನ್ನು ಸ್ವಲ್ಪ ತಗ್ಗಿಸಿದರು, 2009ರಲ್ಲಿ ಡೇವಿಡ್ ಕಾನ್‌ಲನ್ ಇನ್ನಷ್ಟು. ಥಾಮಸನ್ ಬೊಲ್ಲೊಬಾಶ್ ಅವರ ಶಿಷ್ಯ, ಕಾನ್‌ಲನ್ ಗವರ್ಸ್ ಅವರ ಶಿಷ್ಯ. ಆದರೂ ನಾಲ್ಕು ಎಂಬ ಅಂಕಿಯನ್ನು ಮುಟ್ಟಲು ಆಗಿರಲಿಲ್ಲ. 2023ರ ಮಾರ್ಚ್‌ನಲ್ಲಿ ಮಾರ್ಸೆಲೊ ಕಾಂಪೋಸ್, ಸೈಮನ್ ಗ್ರಿಫಿತ್ಸ್, ರಾಬರ್ಟ್ ಮಾರಿಸ್ ಮತ್ತು ಜೂಲಿಯನ್ ಸಹಸ್ರಬುದ್ಧೆ ಎಂಬ ನಾಲ್ವರು ಅದನ್ನು ಮುರಿದರು. ಹೊಸ ಅಂಕಿ ನಾಲ್ಕಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಆ ಕೂದಲೆಳೆಗೆ ಎಂಬತ್ತೆಂಟು ವರ್ಷ ಹಿಡಿಯಿತು. ಮಾರಿಸ್ ಮತ್ತು ಸಹಸ್ರಬುದ್ಧೆ ಇಬ್ಬರೂ ಮೆಂಫಿಸ್‌ನಲ್ಲಿ ಬೊಲ್ಲೊಬಾಶ್ ಕೈಕೆಳಗೆ ಡಾಕ್ಟರೇಟ್ ಮಾಡಿದವರು.

ನೆಲದ ಕಡೆ ಹೀಗಾಗಿಲ್ಲ. ಹತ್ತು ಜನರಂಥ ಚಿಕ್ಕ ಕೂಟಗಳಿಗೆ ವಿಶೇಷ ಜೋಡಣೆಗಳನ್ನು ಕಟ್ಟಿ ನೂರಕ್ಕಿಂತ ಎಷ್ಟೋ ಮೇಲಿನ ನೆಲ ಹಾಕಿದ್ದಾರೆ. ಕೂಟ ದೊಡ್ಡದಾಗುತ್ತ ಹೋದಂತೆ ಆ ಉಪಾಯಗಳೆಲ್ಲ ಸೋಲುತ್ತವೆ, ನಾಣ್ಯ ಚಿಮ್ಮುವುದೊಂದೇ ಉಳಿಯುತ್ತದೆ. 1975ರಲ್ಲಿ ಜೋಯೆಲ್ ಸ್ಪೆನ್ಸರ್ ಆ ನೆಲವನ್ನು ಎರಡು ಪಟ್ಟು ಎತ್ತರಿಸಿದರು. ಕೂಟಕ್ಕೆ ಒಬ್ಬ ಹೆಚ್ಚಿದಾಗ ನೆಲ ಎಷ್ಟು ಪಟ್ಟು ಏರುತ್ತದೆ ಎಂಬ ಅಂಕಿ, 2ರ ವರ್ಗಮೂಲ, ಅಂದರೆ ಸುಮಾರು 1.414, ಏರ್ಡೋಶ್ 1947ರಲ್ಲಿ ಇಟ್ಟಲ್ಲೇ ಇದೆ.